ಮೀನಿನ ಪೆಟ್ಟಿಗೆಯೊಳಗಿನ ರೈಲು

"ಗುಣಪಾಲಣ್ಣ ಇದ್ದಾರಾ? ಅವರ ಕಪಾಟು ತಯಾರಾಯ್ತು!"

ಗೇಟಿನ ಹೊರಗೆ ನಿಂತ ಟೆಂಪೋದಿಂದ ಹಾರಿ ಇಳಿದವನು ಬಹುಮಾನ ತಂದವನ ಹಾಗೆ ನಗುತ್ತಿದ್ದ. ಹಿಂದೆ, ಹಳೆಯ ಕಂಬಳಿಗಳ ನಡುವೆ, ಆರಡಿ ಉದ್ದದ ಗಾಜಿನ ಕಪಾಟು ಬಿಸಿಲಿಗೆ ಹೊಳೆಯುತ್ತಿತ್ತು.

ಸೌಮ್ಯಶ್ರೀ ಬಟ್ಟೆ ಒಣಹಾಕುತ್ತಿದ್ದಳು. ಕೈಯಲ್ಲಿದ್ದ ಟವೆಲನ್ನು ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಆಮೇಲೆ ತಿರುಗಿದಳು.

"ಅಪ್ಪ ತೀರಿಹೋಗಿ ಎಂಟು ತಿಂಗಳಾಯ್ತು."

ನಾಳೆ ಹಾಲು ಬೇಡ ಎಂದು ಹಾಲಿನವನಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು.

ಅವನ ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಮುಖದಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅವನು ಗೇಟಿನ ಸರಳು ಹಿಡಿದುಕೊಂಡ.

"ನಾನು... ಹರ್ಷಿತ್. ಕಾರ್ಕಳದಿಂದ. ಏಪ್ರಿಲ್‌ನಲ್ಲಿ ಅಳತೆ ಕೊಟ್ಟಿದ್ದರು. ಹಲಸಿನ ಮರ ಒಂದು ಮಳೆಗಾಲ ನೋಡಲಿ, ಇಲ್ಲದಿದ್ದರೆ ಕಾಪುವಿನ ಕಡಲ ಗಾಳಿಗೆ ಡೊಂಕಾಗ್ತದೆ ಅಂತ ಅವರೇ ಹೇಳಿದ್ದು. ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಇತ್ತು. ನಾನು ಅಂದುಕೊಂಡೆ..."

ಅವನ ಕಣ್ಣು ತುಂಬಿತ್ತು!

ಸೌಮ್ಯಶ್ರೀ ಆ ಕಣ್ಣನ್ನು ನೋಡಿದಳು. 'ಯಾರಿವನು? ಎಂಟು ತಿಂಗಳಿಂದ ನನ್ನ ಕಣ್ಣಿಗೆ ಬಾರದ ನೀರು ಇವನ ಕಣ್ಣಿಗೆ ಎಲ್ಲಿಂದ ಬಂತು?' ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಇವಳು ಕಲ್ಲು ಎಂದು ನಿಮಗೆ ಅನಿಸಿದರೆ ನಾನು ಜಗಳಕ್ಕೆ ಬರುವುದಿಲ್ಲ. ಊರಿನವರೂ ಹಾಗೇ ಅಂದುಕೊಂಡಿದ್ದರು. ಅಪ್ಪನ ಹೆಣ ಅಂಗಳದಲ್ಲಿದ್ದಾಗ ಬಂದವರಿಗೆಲ್ಲ ಕುರ್ಚಿ ಹಾಕಿದವಳು ಇವಳೇ. 'ಗಟ್ಟಿ ಹುಡುಗಿ' ಎಂದು ಹೊಗಳಿದರು. ಹದಿನಾರನೇ ದಿನ ಮಣಿಪಾಲದ ಲ್ಯಾಬಿಗೆ ಹೋಗಿ ಎಂದಿನಂತೆ ರಿಪೋರ್ಟು ಟೈಪು ಮಾಡಿದಳು. ತಾಯಿ ಮೋಹಿನಿ ಒಮ್ಮೆ ಸಾರಿಗೆ ಮರೆತು ಎರಡು ಸಲ ಉಪ್ಪು ಹಾಕಿದ್ದರು. ಸೌಮ್ಯ ಪೂರ್ತಿ ಉಂಡು ಕೈತೊಳೆದಳು. ಅಂದು ಮೋಹಿನಿಗೆ ನಿಜವಾಗಿ ಹೆದರಿಕೆಯಾಯಿತು.

"ಕಪಾಟು ಬೇಡ," ಎಂದಳು ಸೌಮ್ಯಶ್ರೀ. "ಅದರೊಳಗೆ ಇಡಲಿಕ್ಕೆ ಇನ್ನು ಎಂತದೂ ಇರುವುದಿಲ್ಲ. ಅಪ್ಪನ ಪುಟ್ಟ ಮಾದರಿ ರೈಲುಗಳನ್ನೆಲ್ಲ ಕೊಟ್ಟುಬಿಡ್ತಾ ಇದ್ದೇನೆ. ಮಂಗಳೂರಿನಿಂದ ಇಂಥದ್ದನ್ನು ಸಂಗ್ರಹಿಸುವ ಪಾಸ್ಕಲ್ ಅಂತ ಒಬ್ಬರು ಬರುವ ಭಾನುವಾರ ಬಂದು ಒಯ್ಯುತ್ತಾರೆ."

"ಎಲ್ಲವನ್ನೂ? ಎಂಬತ್ತಾರನ್ನೂ?"

ಸಂಖ್ಯೆ ಕೂಡ ಗೊತ್ತುಂಟು ಇವನಿಗೆ!

ಗುಣಪಾಲರು ಬಹ್ರೇನಿನಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ರಿಪೇರಿ ಮಾಡಿದವರು. ಉಳಿದವರು ರಜೆಯಲ್ಲಿ ಕಂಬಳಿ, ಸೆಂಟು, ಟಾರ್ಚು ತಂದರೆ ಇವರು ಅಂಗೈ ಉದ್ದದ ರೈಲು ಬೋಗಿ ತರುತ್ತಿದ್ದರು. ದೋಣಿ ಬಲೆಗಳ ಮನೆತನದಲ್ಲಿ ಹುಟ್ಟಿ ರೈಲಿನ ಹುಚ್ಚು ಎಲ್ಲಿಂದ ಹಿಡಿಯಿತೋ! ಊರಿಗೆ ಬಂದು ನೆಲೆಸಿದ ಮೇಲೆ ಒಂದು ಕೋಣೆಯ ಗೋಡೆ ತುಂಬ ಹಲಗೆ ಹೊಡೆದು ಸಾಲಾಗಿ ಜೋಡಿಸಿದ್ದರು.

"ಒಂದು ಸಲ ನೋಡಬಹುದಾ?" ಹರ್ಷಿತ್ ಕೇಳಿದ.

ಬೇಡ ಎನ್ನುವುದಕ್ಕೂ ಅವಳಿಗೆ ಮನಸ್ಸು ಬೇಕಿತ್ತು. ಒಳಗೆ ಕರೆದಳು.

ಕೋಣೆಯ ಹಲಗೆಗಳು ಖಾಲಿ. ಮೂಲೆಯಲ್ಲಿ ಐದು ಬಿಳಿ ಥರ್ಮೊಕೋಲ್ ಪೆಟ್ಟಿಗೆಗಳು, ಒಂದರ ಮೇಲೊಂದು.

ಹರ್ಷಿತ್ ಮೂಗು ಅರಳಿಸಿದ. "ಇದು... ಮೀನಿನ ಪೆಟ್ಟಿಗೆ ಅಲ್ವಾ?"

"ಹೌದು. ಮಲ್ಪೆಯ ಶೀನ ಮಾವನ ಬೋಟಿನದ್ದು. ಚೆನ್ನಾಗಿ ತೊಳೆದೇ ತುಂಬಿದ್ದು. ಗಾಳಿ ಆಡುವುದಿಲ್ಲ, ಭದ್ರ ಅಂತ."

ಅಪ್ಪನ ಕಾರ್ಯಕ್ಕೆ ಬಂದ ನೆಂಟರ ಮಕ್ಕಳು ರೈಲು ಮುಟ್ಟತೊಡಗಿದಾಗ, ಒಂದೇ ಮಧ್ಯಾಹ್ನ, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ತುಂಬಿ ಟೇಪು ಹೊಡೆದಿದ್ದಳು. ಮೀನುಗಾರರ ಮನೆಯಲ್ಲಿ ಯಾವುದನ್ನು ಕೆಡದಂತೆ ಇಡಬೇಕಾದರೂ ಕೈಗೆ ಮೊದಲು ಸಿಗುವುದು ಅದೇ ಪೆಟ್ಟಿಗೆ ತಾನೆ?

ಅವನು ಮೊದಲ ಪೆಟ್ಟಿಗೆಯ ಟೇಪು ಕಿತ್ತ. ಪೇಪರು ಒದ್ದೆಯಾಗಿ ಬಂತು. ಹಳದಿ ಬೋಗಿಯೊಂದರ ಮೈಮೇಲೆ ಪೇಪರಿನ ಅಕ್ಷರಗಳು ತಿರುವುಮುರುವಾಗಿ ಅಂಟಿದ್ದವು. ಗಾಲಿಗಳಿಗೆ ಕಂದು ತುಕ್ಕು, ಹಳಿಗಳಿಗೆ ಹಸಿರು ಕಿಲುಬು.

"ಎಷ್ಟು ತೊಳೆದರೂ ಈ ಪೆಟ್ಟಿಗೆಯ ಸಂದುಗಳಲ್ಲಿ ಉಪ್ಪು ಉಳೀತದೆ. ಮುಚ್ಚಳ ಹಾಕಿ ಟೇಪು ಹೊಡೆದರೆ ಮಳೆಗಾಲದ ಥಂಡಿಯೂ ಒಳಗೇ... ಅಯ್ಯೋ, ಯಾರು ಮಾರಾಯ್ರೆ ಹೀಗೆ ಕೊಂದದ್ದು ಇದನ್ನು!"

"ನಾನು," ಎಂದಳು ಸೌಮ್ಯಶ್ರೀ.

ಅವನು ನಾಲಿಗೆ ಕಚ್ಚಿಕೊಂಡ. ಅವಳ ಮುಖದಲ್ಲಿ ಬೇಸರವಿಲ್ಲ, ನಾಚಿಕೆಯಿಲ್ಲ. ಬೆರಳು ಮಾತ್ರ ಆ ಹಳದಿ ಬೋಗಿಯ ಮೇಲಿನ ಅಕ್ಷರಗಳನ್ನು ಉಜ್ಜುತ್ತಿತ್ತು. ಉಜ್ಜುತ್ತಲೇ ಇತ್ತು.

ಹರ್ಷಿತ್ ಅದನ್ನು ನೋಡಿದ. ಮೆಲ್ಲಗೆ ಹೇಳಿದ, "ಭಾನುವಾರಕ್ಕೆ ಇನ್ನೂ ಒಂದು ವಾರ ಉಂಟು. ಕೊಡುವುದಾದರೂ ಕ್ಲೀನು ಮಾಡಿ ಕೊಡುವ. ನಾನು ನಾಳೆಯಿಂದ ಸಂಜೆ ಬರ್ತೇನೆ."

"ನಿಮಗೆ ಯಾಕೆ ಇಷ್ಟು?"

"ನಿಮ್ಮಪ್ಪ ಅಳತೆ ಕೊಡಲಿಕ್ಕೆ ಐದು ಸಲ ಕಾರ್ಕಳಕ್ಕೆ ಬಂದಿದ್ದರು. ನನ್ನ ಅಂಗಡಿಗೆ ಐದು ಸಲ ಬಂದವರು ಬೇರೆ ಯಾರೂ ಇಲ್ಲ."

* * *

ಸೋಮವಾರದಿಂದ ಅವನು ಬರತೊಡಗಿದ. ಸಿಟೌಟಿನಲ್ಲಿ ಚಾಪೆ ಹಾಸಿ, ಸ್ಪಿರಿಟ್ಟು, ಹಳೆ ಟೂತ್‌ಬ್ರಶ್ಶು, ಹತ್ತಿ ಇಟ್ಟುಕೊಂಡು ಇಬ್ಬರೂ ಎದುರುಬದುರು ಕೂರುತ್ತಿದ್ದರು. ಕಪಾಟು ಪಕ್ಕದಲ್ಲೇ, ಕಂಬಳಿ ಹೊದ್ದುಕೊಂಡೇ ನಿಂತಿತ್ತು. ಒಳಗೆ ಇಡಲು ಸೌಮ್ಯ ಒಪ್ಪಿರಲಿಲ್ಲ.

ಅವನು ಕೆಲಸ ಹೇಳಿಕೊಟ್ಟ. ಬಣ್ಣದ ಮೇಲೆ ಸ್ಪಿರಿಟ್ಟು ಬೀಳಬಾರದು, ಗಾಲಿಗೆ ಮಾತ್ರ. ಪಶ್ಚಿಮದ ಕಿಟಕಿಯ ಎದುರು ರೈಲು ಇಡಬಾರದು, ಬಿಸಿಲಿಗೆ ಕೆಂಪೆಲ್ಲ ಗುಲಾಬಿಯಾಗುತ್ತದೆ. ಬಾಗಿಲ ಸಂದಿಗೆ ಬಟ್ಟೆಯ ಪಟ್ಟಿ, ಮೂಲೆಯಲ್ಲಿ ಥಂಡಿ ಹೀರುವ ಹರಳಿನ ಪೊಟ್ಟಣ...

"ಕೊಡುವ ರೈಲಿಗೆ ಇದೆಲ್ಲ ಯಾಕೆ?" ಎಂದು ಅವಳು ಕೇಳುತ್ತಿದ್ದಳು.

"ಪಾಸ್ಕಲರಿಗೆ ಹೇಳಲಿಕ್ಕೆ," ಎಂದು ಅವನು ಸುಳ್ಳು ಹೇಳುತ್ತಿದ್ದ.

ಮೋಹಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಗಳು ಪ್ರಶ್ನೆ ಕೇಳುತ್ತಿದ್ದಾಳೆ! ಎಂಟು ತಿಂಗಳಲ್ಲಿ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಅವರು ಒಳಗೆ ಹೋಗಿ ಅವನಿಗೆ ಎರಡನೇ ಲೋಟ ಚಹಾ ಮಾಡಿದರು.

ಗುರುವಾರ ಅವನು ಕಂಬಳಿ ಸರಿಸಿ ಕಪಾಟಿನ ನಡುವಿನ ಅಂತಸ್ತನ್ನು ತೋರಿಸಿದ. ಉಳಿದ ಅಂತಸ್ತುಗಳಲ್ಲಿ ಗಾಲಿ ಕೂರುವ ಸಣ್ಣ ಗೀರುಗಳಿದ್ದವು. ಇದೊಂದನ್ನು ಮಾತ್ರ ಮುಂದಕ್ಕೆ ಎಳೆಯಬಹುದಿತ್ತು. ಮೇಲೆ ಅಂಡಾಕಾರದ ಹಳಿ.

"ಇದರ ಮೇಲೆ ಒಂದನೇ ನಂಬರಿನ ಎಂಜಿನ್ ಓಡಬೇಕು ಅಂದಿದ್ದರು. ಎತ್ತರ ಎಷ್ಟು ಅಂತ ಕೇಳಿದರೆ, 'ನನ್ನ ಮಗಳ ಮೊಣಕೈ ಎತ್ತರ' ಅಂದರು. ಅಳತೆ ಟೇಪಿನಲ್ಲಿ ಅದು ಎಷ್ಟು ಮಾರಾಯ್ರೆ ಅಂದೆ... ಮರುವಾರ ಒಂದು ದಾರ ತಂದರು."

ಸೌಮ್ಯಶ್ರೀಗೆ ನೆನಪಾಯಿತು. ಅಪ್ಪ ಒಂದು ಬೆಳಿಗ್ಗೆ ದಾರ ಹಿಡಿದು ಅವಳ ಪಕ್ಕ ನಿಂತಿದ್ದರು. 'ಎಂತ ಅಪ್ಪ, ಬಸ್ಸು ತಪ್ತದೆ!' ಎಂದು ಗದರಿಸಿ ಓಡಿದ್ದಳು.

ಅವಳು ತಟ್ಟನೆ ಎದ್ದಳು.

"ಸಾಕು. ನಾಳೆ ಬರಬೇಡಿ."

* * *

ಶುಕ್ರವಾರ ಸಂಜೆ ಪಾಸ್ಕಲರಿಗೆ ಕೊಡಲು ಬರೆದ ಪಟ್ಟಿ ಹಿಡಿದು ರೈಲುಗಳನ್ನು ಎಣಿಸಿದಳು. ಎಂಬತ್ತೈದು! ಒಂದನೇ ನಂಬರು ಇಲ್ಲ. ಅವಳು ಹುಟ್ಟಿದ ವರ್ಷ ಅಪ್ಪ ಮೊದಲ ರಜೆಯಲ್ಲಿ ತಂದ ಹಸಿರು ಉಗಿ ಎಂಜಿನ್. ಅದರ ಡಬ್ಬಿಯೂ ಇಲ್ಲ.

ಫೋನ್ ಮಾಡಿದಳು.

"ಹಸಿರು ಎಂಜಿನ್ ನೀವು ಒಯ್ದಿರಾ?"

"ಹೌದು."

"ನನ್ನನ್ನು ಕೇಳದೆ?"

"ಕೇಳಿದ್ದರೆ ನೀವು ಬೇಡ ಅಂತಿದ್ದಿರಿ."

"ಅದಕ್ಕೆ ಕದಿಯುವುದು ಅಂತಾರೆ!" ಅವಳು ಕಿರುಚಿದಳು. "ಕಣ್ಣೀರು ಹಾಕಿ ಒಳಗೆ ಬಂದದ್ದು ಇದಕ್ಕಾ? ಸತ್ತವರ ಮನೆಯಲ್ಲಿ ಒಳ್ಳೆಯದು ಯಾವುದು ಉಂಟು ಅಂತ ನೋಡ್ಲಿಕ್ಕಾ?"

ಆ ಕಡೆ ಉಳಿ ಕೆಳಗಿಟ್ಟ ಸದ್ದು ಕೇಳಿಸಿತು.

"ನಾಳೆ ಸಂಜೆಯೊಳಗೆ ತಲುಪಿಸ್ತೇನೆ," ಎಂದ ಹರ್ಷಿತ್. ಫೋನ್ ಇಟ್ಟ.

ಹಿಂದೆ ಪಾತ್ರೆ ಬಿದ್ದ ಸದ್ದು. ಮೋಹಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಎಂತ ಮಾತಾಡಿದೆ ಮಗಾ ನೀನು? ಅದನ್ನು ಕೊಟ್ಟದ್ದು ನಾನು! ಅದು ಓಡುವುದಿಲ್ಲ, ಸರಿ ಮಾಡಿ ಕೊಡು ಅಂತ ನಾನೇ ಕೈಮುಗಿದು ಕೇಳಿದ್ದು."

ಸೌಮ್ಯಶ್ರೀ ಕುರ್ಚಿಯ ಮೇಲೆ ಕುಳಿತಳು. 'ನಾನು ಕಿರುಚಿದೆನಲ್ಲ...' ಎಂಟು ತಿಂಗಳ ನಂತರ ಮೊದಲ ಸಲ ಸಿಟ್ಟು ಬಂದಿತ್ತು. ಅದೂ ತಪ್ಪು ಮನುಷ್ಯನ ಮೇಲೆ! ಬಂದದ್ದು ಸಿಟ್ಟು ಎಂದು ಗೊತ್ತಾಗುವುದೇ ಒಂದು ಆಶ್ಚರ್ಯವಾಗಿತ್ತು ಅವಳಿಗೆ.

* * *

ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದಳು. ಆನೆಕೆರೆಯ ಹತ್ತಿರ ಇಳಿದು ಇಬ್ಬರನ್ನು ಕೇಳಿ ಅಂಗಡಿ ಹುಡುಕಿದಳು. ಅವನು ಒಬ್ಬನೇ ಮೇಜಿನ ಮುಂದೆ ಬಗ್ಗಿದ್ದ. ಮೇಜಿನ ಮೇಲೆ ಒಂದು ಸುತ್ತು ಹಳಿ, ಅದರ ಮೇಲೆ ಹಸಿರು ಎಂಜಿನ್.

"ಹರ್ಷಿತ್..."

ಅವನು ತಲೆಯೆತ್ತಿದ. ಸ್ಟೂಲಿನ ಮೇಲಿನ ಮರದ ಹುಡಿ ಒರೆಸಿ ಅವಳ ಕಡೆ ತಳ್ಳಿದ.

"ಅಮ್ಮ ಹೇಳಿದರು. ನಾನು ನಿನ್ನೆ ಅಂದದ್ದು... ತಪ್ಪಾಯ್ತು. ಮತ್ತೆ, ಅದೂ ನಾನು ಹಾಳು ಮಾಡಿದ್ದೇ ಅಲ್ವಾ? ನನ್ನ ಪೆಟ್ಟಿಗೆಯ ಉಪ್ಪಿನಿಂದ?"

"ಅಲ್ಲ," ಎಂದ ಹರ್ಷಿತ್. "ಇದು ಡಬ್ಬಿಯಲ್ಲಿತ್ತು, ಉಪ್ಪು ತಾಗಿಲ್ಲ. ಒಳಗಿನ ಗ್ರೀಸು ಗಟ್ಟಿಯಾಗಿತ್ತು, ಅಷ್ಟೇ. ಹತ್ತು ಹನ್ನೆರಡು ವರ್ಷ ಓಡಿಸದೆ ಇಟ್ಟರೆ ಹಾಗಾಗ್ತದೆ."

"ಓಡಿಸದೆ? ಅಪ್ಪ ದಿನಾ ಆ ಕೋಣೆಯಲ್ಲೇ ಇರ್ತಿದ್ದರು."

"ಉಳಿದದ್ದೆಲ್ಲ ಓಡಿಸ್ತಿದ್ದರು. ಇದನ್ನು ಮಾತ್ರ ಇಲ್ಲ. ನಾನೂ ಕೇಳಿದ್ದೆ. 'ಇದಕ್ಕೆ ಗಾರ್ಡ್ ಬೇಕು ಮಾರಾಯ. ಗಾರ್ಡ್ ಈಗ ದೊಡ್ಡವಳಾಗಿದ್ದಾಳೆ, ಮಣಿಪಾಲದಲ್ಲಿ ಕೆಲಸ. ಪುರುಸೊತ್ತಾದಾಗ ಬರ್ತಾಳೆ' ಅಂದರು."

ಅವನು ಡ್ರಾಯರಿನಿಂದ ಎಂಜಿನ್ನಿನ ಡಬ್ಬಿ ತೆಗೆದು ಮುಂದಿಟ್ಟ. ಒಳಗೆ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ. ಅದಕ್ಕೆ ಹೊಲಿದ ಹಸಿರು ಚಿಂದಿ. ಅಮ್ಮನ ರವಿಕೆಯ ತುಂಡು...

ಅಪ್ಪ ರಜೆಗೆ ಬಂದಾಗಲೆಲ್ಲ ಆರು ವರ್ಷದ ಸೌಮ್ಯ ಮಂಚದ ಮೇಲೆ ನಿಂತು ಅದನ್ನು ಬೀಸುತ್ತಿದ್ದಳು. ಅವಳು ಬೀಸುವ ತನಕ ಅಪ್ಪ ಸ್ವಿಚ್ಚು ಮುಟ್ಟುತ್ತಿರಲಿಲ್ಲ. 'ಗಾರ್ಡ್ ಸಾಯ್ಬ್ರೇ, ಪ್ಯಾಸೆಂಜರು ಬೈತಿದ್ದಾರೆ, ಬೇಗ!' ಆಮೇಲೆ ಶಾಲೆ, ಕಾಲೇಜು, ಟ್ಯೂಷನ್ನು, ಬಸ್ಸು. ಯಾವ ದಿನ ಕೊನೆಯ ಸಲ ಬೀಸಿದಳು? ನೆನಪಿಲ್ಲ. ಅಪ್ಪ ಒಂದು ದಿನವೂ ಕೇಳಲಿಲ್ಲ. ಕಾದರು, ಅಷ್ಟೇ.

"ಸರಿಯಾಗಿದೆಯಾ ಈಗ?" ಅವಳು ಎಂಜಿನ್ನಿನ ಕಡೆ ಬಾಗಿದಳು.

"ಗೊತ್ತಿಲ್ಲ. ನಿನ್ನೆಯೇ ಜೋಡಿಸಿ ಮುಗಿದಿದೆ. ಓಡಿಸಿ ನೋಡಿಲ್ಲ."

"ಯಾಕೆ?"

"ಗಾರ್ಡ್ ಬರಲಿಲ್ಲವಲ್ಲ."

ಸೌಮ್ಯಶ್ರೀ ಕಡ್ಡಿ ಎತ್ತಿಕೊಂಡಳು. ಮೆಲ್ಲಗೆ, ಒಂದೇ ಸಲ, ಬೀಸಿದಳು.

ಹರ್ಷಿತ್ ಸ್ವಿಚ್ಚು ಒತ್ತಿದ. ಎಂಜಿನ್ ಒಮ್ಮೆ ನಡುಗಿತು. ನಿಂತಿತು. ಅವಳ ಉಸಿರೂ ನಿಂತಿತು... ಮತ್ತೆ ಗುರ್ ಎಂದಿತು, ಅರ್ಧ ಇಂಚು ಜರುಗಿತು, ಆಮೇಲೆ ಹೊರಟೇಬಿಟ್ಟಿತು! ಮರದ ಹುಡಿ ಹಾರಿಸುತ್ತ ಮೇಜಿನ ಸುತ್ತ ಒಂದು ಸುತ್ತು, ಎರಡು ಸುತ್ತು...

"ಅಪ್ಪಾ!"

ಯಾರು ಕೂಗಿದ್ದೆಂದು ಅವಳಿಗೇ ಮೊದಲು ತಿಳಿಯಲಿಲ್ಲ. ಕಡ್ಡಿ ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಂಗಳದಲ್ಲಿ ಕುರ್ಚಿ ಹಾಕಿದ ದಿನದಿಂದ ಇಂದಿನವರೆಗಿನದ್ದನ್ನೆಲ್ಲ ಅತ್ತಳು. ಹರ್ಷಿತ್ ಪಕ್ಕದಲ್ಲಿ ಬಂದು ನಿಂತ. ಅವಳು ಅವನ ಶರ್ಟಿನ ತೋಳು ಹಿಡಿದುಕೊಂಡಳು. ಬಿಡಲಿಲ್ಲ.

ಅಳು ಇಳಿದ ಮೇಲೆ, ಮೂಗು ಒರೆಸಿಕೊಂಡು ಫೋನ್ ತೆಗೆದಳು.

"ಪಾಸ್ಕಲರೇ, ನಾಳೆ ನೀವು ಬರುವುದು ಬೇಡ... ಇಲ್ಲ ಇಲ್ಲ, ಬೇರೆ ಯಾರಿಗೂ ಅಲ್ಲ. ಮನೆಯಲ್ಲೇ ಇಟ್ಟುಕೊಳ್ತೇನೆ. ಕಪಾಟು ಬಂದಿದೆ... ಕ್ಷಮಿಸಿ."

ಎಂಜಿನ್ ಇನ್ನೂ ಓಡುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು.

"ಒಂದು ಸತ್ಯ ಹೇಳ್ಲಾ?" ಹರ್ಷಿತ್ ಹಳಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮಪ್ಪ ಬಂದಾಗ ಕಪಾಟಿನ ಮಾತು ಹತ್ತು ನಿಮಿಷ, ನಿಮ್ಮ ಮಾತು ಒಂದು ಗಂಟೆ. ನಾಲ್ಕನೇ ಸಲ ನಾನೇ ಬೇಕೆಂದು ಅಳತೆ ತಪ್ಪು ಹೇಳಿದ್ದೆ. ಅವರು ಮತ್ತೊಮ್ಮೆ ಬರಲಿ ಅಂತ. ಕಪಾಟು ಟೆಂಪೋಗೆ ಹೇರುವಾಗ ನನಗೆ ಮರದ ಯೋಚನೆಯೇ ಇರಲಿಲ್ಲ. ಇವತ್ತು ಆ ಹುಡುಗಿಯನ್ನು ನೋಡ್ತೇನೆ ಅಂತಿತ್ತು... ಈಗ ಹೇಳಬಾರದಿತ್ತೋ ಏನೋ."

ಸೌಮ್ಯಶ್ರೀಯ ಕೆನ್ನೆ ಬಿಸಿಯಾಯಿತು. ಅದೂ ಅವಳಿಗೆ ಗೊತ್ತಾಯಿತು.

"ನನಗೆ ಹಸಿವಾಗ್ತಾ ಉಂಟು," ಎಂದಳು.

ಅವನು ತಬ್ಬಿಬ್ಬಾದ. "ಎಂತ?"

"ಹಸಿವು. ತುಂಬಾ ಸಮಯದ ನಂತರ. ಮೊದಲು ಎಂತಾದರೂ ತಿನ್ನಿಸಿ, ಆಮೇಲೆ ಅದಕ್ಕೆ ಉತ್ತರ ಕೊಡ್ತೇನೆ."

ಅವನು ನಕ್ಕ. ಗೇಟಿನ ಹೊರಗೆ ಅಂದು ನಕ್ಕಿದ್ದ ಅದೇ ನಗು.

"ನಾಳೆ ಕಪಾಟು ಒಳಗೆ ಇಡಲಿಕ್ಕೆ ಬರ್ಲಾ ಹಾಗಾದರೆ?"

"ಬನ್ನಿ. ಪಶ್ಚಿಮದ ಕಿಟಕಿಯ ಎದುರು ಬೇಡ."

"ಆಮೇಲೆ? ಕಪಾಟು ಇಟ್ಟಾದ ಮೇಲೆ ನಾನು ಬರಲಿಕ್ಕೆ ಕಾರಣ ಇಲ್ಲವಲ್ಲ."

ಅವಳು ಎಂಜಿನ್ ನಿಲ್ಲಿಸಿ ಡಬ್ಬಿಯಲ್ಲಿಟ್ಟಳು. ಬಾವುಟವನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡು ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ಗಾರ್ಡ್ ಒಬ್ಬಳೇ ಇದ್ದರೆ ಗಾಡಿ ಓಡ್ತದಾ? ಸ್ವಿಚ್ಚು ಒತ್ತಲಿಕ್ಕೆ ಒಬ್ಬರು ಬೇಡವಾ ಮಾರಾಯ್ರೆ?"

"ದಿನಾ?"

"ದಿನಾ," ಎಂದಳು ಸೌಮ್ಯಶ್ರೀ. ಕೈಯಲ್ಲಿದ್ದ ಹಸಿರು ಬಾವುಟವನ್ನು ಅವನ ಕಡೆಗೆ ಬೀಸಿದಳು.