ದೊರೆಯ ಕಬ್ಬಿಣದ ಮುಖ

ಊರುಗಳನ್ನು ಸುಟ್ಟವನು ಇವನು. ಜನರ ಶಾಪವೆಲ್ಲ ದೊರೆಗೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಶತ್ರುಗಳ ಬೀದಿಗಳಲ್ಲಿ ಹಾಡುಗಾರರು ಕಬ್ಬಿಣದ ಮುಖವಾಡದ ಮಾಂತ್ರಿಕ ದೊರೆಯ ಕ್ರೌರ್ಯವನ್ನು ಗಂಟೆಗಟ್ಟಲೆ ಹಾಡುತ್ತಿದ್ದರು. ಅವನ ಬಲಗೈ ಬಂಟನಾಗಿ ಹಗಲಿರುಳು ದುಡಿದ ಇವನಿಗೆ ಸಿಕ್ಕಿದ್ದು ‘ಜೊತೆಗೊಬ್ಬನಿದ್ದ’ ಎಂಬ ಅರ್ಧ ಸಾಲು. ಶಾಪ ಹಾಕುವುದಕ್ಕೂ ಇವನು ಯಾರಿಗೂ ಬೇಕಾಗಿರಲಿಲ್ಲ. ಕೋಟೆಯೊಳಗೂ ಅಷ್ಟೇ, ಎಲ್ಲರ ಬಾಯಲ್ಲಿ ಇವನು ಬರೀ ‘ಎರಡನೆಯವರು’.

ದೊರೆಯ ನಿಜವಾದ ಮುಖವನ್ನು ಇವನನ್ನು ಬಿಟ್ಟರೆ ಯಾರೂ ಕಂಡಿರಲಿಲ್ಲ. ಅದು ತಲೆಗೆ ಹೊಳೆದ ದಿನ ಇವನಿಗೆ ಅನ್ನ ಸೇರಲಿಲ್ಲ. ಮುಖವಾಡವೇ ದೊರೆಯೆಂದಾದರೆ ಒಳಗೆ ಯಾರಿದ್ದರೇನು?

ಅಂದಿನಿಂದ ದೊರೆಯಂತೆ ನಡೆಯುವ, ಮಾತಾಡುವ ಅಭ್ಯಾಸ ಶುರು. ಎಡಗಾಲನ್ನು ತುಸು ಎಳೆದು ನಡೆಯುವುದು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು. ಸಿಟ್ಟು ಬಂದಾಗ ಸುಮ್ಮನಾಗಿಬಿಡುವುದು ಮಾತ್ರ ಕಷ್ಟವಾಯಿತು, ಅದನ್ನೂ ಕಲಿತ. ದೊರೆಯನ್ನು ಮುಗಿಸುವ ಜಾಗವಂತೂ ಮೊದಲೇ ಗೊತ್ತಿತ್ತು: ಸ್ನಾನದ ಮನೆ. ಅಲ್ಲಿಗೆ ಇವರಿಬ್ಬರನ್ನು ಬಿಟ್ಟು ಯಾರಿಗೂ ಪ್ರವೇಶವಿಲ್ಲ. ಕೊಳದ ತೂಬು ತೆಗೆದರೆ ನೀರು ಸೀದಾ ಕೋಟೆಯ ಕೆಳಗಿನ ಪ್ರಪಾತಕ್ಕೆ ಹೋಗುತ್ತದೆ. ಹೆಣವೂ ಹೋಗುತ್ತದೆ.

ಹಾಗೆಯೇ ಆಯಿತು. ನೀರಿನೊಳಗೆ ಅದುಮಿದಾಗ ದೊರೆ ಇವನ ಮಣಿಕಟ್ಟು ಹಿಡಿದುಕೊಂಡ. ಬಿಡಿಸಿಕೊಳ್ಳಲಿಕ್ಕಲ್ಲ, ಆಸರೆಗೆಂಬಂತೆ, ಇವನೇ ಕಾಪಾಡುತ್ತಾನೆಂಬಂತೆ. ಅದೊಂದು ಇವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಕೈ ಮಾತ್ರ ಸಡಿಲಾಗಲಿಲ್ಲ. ಆಮೇಲೆ, ಭುಜಗಳ ಮೇಲೆ ಉದ್ದುದ್ದ ಕೋಡುಗಳಿದ್ದ ಉಕ್ಕಿನ ಕವಚವನ್ನು ತಲೆಯ ಮೇಲಿಂದ ಇಳಿಸಿಕೊಂಡು ಮುಖವಾಡ ಒತ್ತಿದ. ಕತ್ತಿನ ಹಿಂದೆ ಅದರ ಚಿಲಕ ಕಟಕ್ಕೆಂದು ತಾನೇ ಕೂತಿತು.

ದರ್ಬಾರಿನಲ್ಲಿ ಎಲ್ಲರೂ ತಲೆ ಬಾಗಿಸಿದರು. ಯಾರಿಗೂ ಎಳ್ಳಷ್ಟು ಅನುಮಾನ ಬರಲಿಲ್ಲ.

“ಎರಡನೆಯವನು ದ್ರೋಹಿ,” ಎಂದ ಇವನು, ಗಂಟಲು ಸರಿಮಾಡಿಕೊಂಡು. “ಶತ್ರು ರಾಜಕುಮಾರನ ಕಡೆ ಓಡಿಹೋಗಿದಾನೆ. ಆ ಮುಖ ಎಲ್ಲೇ ಕಂಡರೂ ಸರಿ, ಒಂದು ಮಾತೂ ಕೇಳದೆ ಕಡಿದುಹಾಕಿ.”

“ಆ ಮುಖ ಮರೆಯೋಕುಂಟಾ, ದೊರೆ?” ಎಂದ ಕಾವಲಿನ ನಾಯಕ. “ಅವನ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣಿತ್ತು.”

ತನ್ನ ಮೇಲೂ ಒಬ್ಬನ ಕಣ್ಣಿತ್ತೆಂದು ಕೇಳಿ ಇವನಿಗೆ, ಆ ಹೊತ್ತಿನಲ್ಲೂ, ಒಂಥರಾ ಖುಷಿಯಾಯಿತು.

ಮಧ್ಯಾಹ್ನ ಅಡುಗೆಯಜ್ಜಿ ಊಟ ತಂದಿಟ್ಟವಳು ಹೋಗದೆ ಸೆರಗು ಹಿಂಡುತ್ತಾ ನಿಂತಳು. “ಇನ್ನೇನು?” ಎಂದ. “ಏನಿಲ್ಲ ದೊರೆ... ಊಟಕ್ಕೆ, ಸ್ನಾನಕ್ಕೆ ನಿಮ್ಮ ಮುಖವಾಡ ಬಿಚ್ಚಿಕೊಡ್ತಿದ್ದೋರು ಎರಡನೆಯವರಲ್ವಾ? ಅವರು ನೋಡಿದ್ರೆ ಹೀಗೆ ಮಾಡಿಬಿಟ್ಟರು. ನಾಯಕರನ್ನೇ ಕಳಿಸ್ತೀನಿ, ಬಿಚ್ಚಿಕೊಡ್ತಾರೆ.” ಇವನ ಕೈಗಳು ಕತ್ತಿನ ಹಿಂದಿನ ಚಿಲಕದತ್ತ ಏರಿದವು, ಭುಜದ ಕೋಡುಗಳಿಗೆ ತಗುಲಿ ಅಲ್ಲೇ ನಿಂತವು. ತನ್ನ ದುಡಿಮೆಯನ್ನು ಯಾರೂ ಗಮನಿಸಲಿಲ್ಲವೆಂದು ಉರಿಯುತ್ತಿದ್ದವನು ಆ ಒಂದು ದುಡಿಮೆಯನ್ನು ತಾನೂ ಗಮನಿಸಿರಲಿಲ್ಲ. ಬೇಡ ಎನ್ನಲು ದೊರೆಯಂತೆ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಬಾಗಿಲಾಚೆ ಅಜ್ಜಿಯ ದನಿ ಕೇಳಿತು: “ನಾಯಕರೇ, ದೊರೆಗೆ ಹಸಿವಾಗಿದೆ, ಬೇಗ ಬನ್ನಿ.”