ಪಂಪಾವತಿ ಸುಮ್ಮನೆ ಸೆರಗೊಡ್ಡಲಿಲ್ಲ

ಹನ್ನೆರಡು ದಿನದ ನಂತರ ಗಂಡ ಲಿಂಗರಾಜ ಎದುರಿಗೆ ಬಂದಾಗ ಪಂಪಾವತಿಯ ಎದೆ ಧಸಕ್ಕೆಂದಿತು. ಸಂಡೂರಿನ ತವರಿನಿಂದ ಅವಳು ಕಂಪ್ಲಿಯ ಅತ್ತೆಮನೆಗೆ ಬಂದದ್ದು ಬಸುರಿ ನಾದಿನಿ ಕಾವ್ಯಳ ಕುಬಸಕ್ಕೆ. ಇವನಿಗಾಗಿ ಅಲ್ಲವೇ ಅಲ್ಲ!

"ಊಟ ಆತೇನು?"

"ನಿಮಗ್ಯಾಕ್ರಿ?"

ಮುಖ ತಿರುಗಿಸಿದಳು. ಕಣ್ಣು ಮಾತ್ರ ತುಂಬಿತು...

ಹೊಸಪೇಟೆಯ ಐವಿಎಫ್ ಡಾಕ್ಟರ್ ಮುಚ್ಚುಮರೆ ಮಾಡಿರಲಿಲ್ಲ. ವಯಸ್ಸು ಮೂವತ್ತೆಂಟು, ಅಂಡಾಣು ತೀರಾ ಕಡಿಮೆ, ಔಷಧಿಗೂ ಸರಿಯಾಗಿ ಸ್ಪಂದಿಸುತ್ತಿಲ್ಲ. ಇಂಥ ನೂರು ಹೆಂಗಸರಲ್ಲಿ ಒಂದು ಸಲದ ಚಿಕಿತ್ಸೆಗೆ ಮಗು ಕೈಗೆ ಬರುವುದು ಸುಮಾರು ಹತ್ತು ಮಂದಿಗೆ. ಹನ್ನೊಂದು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ಸಿಕ್ಕಿದ್ದು ಎರಡು ಅಂಡಾಣು. ಬೆಳೆದದ್ದು ಒಂದೇ ಭ್ರೂಣ. ಅದನ್ನು ಲ್ಯಾಬಿನಲ್ಲಿ ಫ್ರೀಜ್ ಮಾಡಿಟ್ಟಿದ್ದರು.

ಅವತ್ತೇ ಲಿಂಗರಾಜ ಅವ್ವನ ಹತ್ತಿರ ಮಾತಾಡಬೇಕೆಂದು ಕಂಪ್ಲಿಗೆ ಹೋಗಿದ್ದ. ವಾಪಸ್ ಬಂದವನು ಏನು ಮಾತಾಯಿತೆಂದು ಬಾಯಿ ಬಿಡಲಿಲ್ಲ. ಇನ್ನೊಂದು ಮದುವೆಯ ಮಾತೇ ಇರಬೇಕು! ಹಾಗೆಂದುಕೊಂಡು ಅವಳು ತಾವಿಬ್ಬರಿದ್ದ ಟಿ.ಬಿ. ಡ್ಯಾಂ ಕ್ವಾರ್ಟರ್ಸ್ ಬಿಟ್ಟು ತವರು ಸೇರಿದ್ದಳು.

"ಪಂಪಾ, ಬಾರವ್ವ. ಕಾವ್ಯನ ಪಕ್ಕ ಕುಂದ್ರು," ಅತ್ತೆ ಉಚ್ಚೆಂಗಮ್ಮ ಕರೆದರು.

ಬಸುರಿಯ ಜೊತೆ ಕೂರಿಸಿ ಉಡಿ ತುಂಬಿದರೆ ಮಕ್ಕಳಿಲ್ಲದವಳಿಗೂ ಫಲ ಎಂಬುದು ಆ ಮನೆಯ ನಂಬಿಕೆ. ಮದುವೆಯಾದ ಎಂಟು ವರ್ಷದಲ್ಲಿ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ.

ಅತ್ತೆ ಅಕ್ಕಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. "ಇಷ್ಟು ವರ್ಷ ನಿನಗ ಭಾಳ ಅಂದೆ. 'ತೊಂದ್ರಿ ನಂದಾ, ಆಕೀದಲ್ಲ' ಅಂತ ನನ್ನ ಮಗನಾ ಬಂದು ಹೇಳ್ದ. ತಪ್ಪಾತವ್ವ..."

ಅವನು ಹೇಳಿದನೇ?!

ಹೆಂಗಸರೆಲ್ಲ ಬಾಗಿಲಲ್ಲಿದ್ದ ಲಿಂಗರಾಜನನ್ನು ನೋಡಿ ಪಿಸುಗುಟ್ಟುತ್ತಿದ್ದರು. ಅವನು ತಲೆ ತಗ್ಗಿಸಿರಲಿಲ್ಲ. 'ಇಂಥವರನ್ನು ನಾನು ಅನುಮಾನಿಸಿದೆನಲ್ಲ...'

ಸುಮ್ಮನೆ ಸೆರಗೊಡ್ಡಿದ್ದರೆ ಮರ್ಯಾದೆ, ಮರುಕ ಎರಡೂ ಅವಳದೇ. ಆದರೆ ಪಂಪಾವತಿ ಅಂಥವಳಲ್ಲ!

"ತಡೀರಿ ಅತ್ತಿ. ನಿಮ್ಮ ಮಗ ಸುಳ್ಳು ಹೇಳ್ಯಾರ. ಅಂಡಾಣು ಕಡಿಮಿ ಇರೋದು ನನಗ. ಎರಡಾ ಸಿಕ್ಕಾವು, ಒಂದು ಭ್ರೂಣ ಆಗೇತಿ. ಅದಕ್ಕ ನಾನ್ಯಾಕ ನಾಚ್ಕೊಳ್ಲಿ? ಈಗ ಬೇಕಂದ್ರ ತುಂಬ್ರಿ, ಬ್ಯಾಡಂದ್ರ ಬಿಡ್ರಿ!"

ಉಚ್ಚೆಂಗಮ್ಮ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು.

"ಇಬ್ರೂ ಒಬ್ರಿಗಿಂತ ಒಬ್ರು ಜೋರದೀರಿ!" ಎಂದವರೇ ಬೊಗಸೆ ತುಂಬ ಅಕ್ಕಿ ಎತ್ತಿದರು. "ಸೆರಗು ಗಟ್ಟಿ ಹಿಡಿಯವ್ವ."

ಆಮೇಲೆ ಹಿತ್ತಲಲ್ಲಿ ಲಿಂಗರಾಜ ಹತ್ತಿರ ಬಂದ.

"ಅಷ್ಟು ಮಂದ್ಯಾಗ ಯಾಕ ಹೇಳ್ದಿ? ನಾನಾ ಹೊತ್ಕೊಂತಿದ್ದೆ."

"ನನ್ನ ಗಂಡನ್ನ ಯಾರೂ ಹಗುರಾಗಿ ನೋಡಬಾರ್ದ್ರಿ."

ಇಂಥವಳು ತನ್ನ ಹೆಂಡತಿ ಎಂದು ಅವನಿಗೆ ಎದೆ ತುಂಬಿ ಬಂತು.

"ಬರೋ ತಿಂಗಳು ಭ್ರೂಣ ಒಳಗ ಬಿಡ್ತಾರ," ಅವಳ ದನಿ ಸಣ್ಣದಾಯಿತು. "ನಿಲ್ಲಲಿಲ್ಲಂದ್ರ?"

"ಇಬ್ರೂ ಕುಂತು ಅಳೂಣು. ನೀ ಒಬ್ಬಾಕೀನಾ ತವರಿಗೆ ಮಾತ್ರ ಹೋಗಬ್ಯಾಡ."

"ಹೋಗಂಗಿಲ್ರಿ..." ಎಂದು ಅವನ ಕೈ ಹಿಡಿದಳು.