ಮೊದಲ ಸುತ್ತಿಗೆ ಮನೆಯವರು

"ಇಷ್ಟೆತ್ತರ ಯಾರಿಗೆ ಬೇಕಾಗಿತ್ತು?"

ಹತ್ತಿರ ಯಾರೂ ಇರಲಿಲ್ಲ. ಎದುರಿನ ದೈತ್ಯ ಚಕ್ರದ ತುದಿ ನೋಡಿ ಬೋರ್ಡ್ ಬರೆಯುವ ಹುಡುಗಿ ಆಡಿದ ಮಾತು ಅವಳ ಬಣ್ಣದ ಡಬ್ಬಕ್ಕಷ್ಟೇ ಕೇಳಿಸಿತು.

ಮೇಳಕ್ಕೆ ಎಪ್ಪತ್ತು ವರ್ಷ ತುಂಬಿತ್ತು. ಅದರ ಚರಿತ್ರೆಯನ್ನು ಹೆಬ್ಬಾಗಿಲ ಪಕ್ಕದ ಹಲಗೆಗಳ ಮೇಲೆ ಬರೆಯುವ ಕೆಲಸ ಅವಳದು. ಮೊದಲ ವರ್ಷ ಬಯಲಿನಲ್ಲಿ ಹನ್ನೊಂದು ಅಂಗಡಿ, ಕೈಯಿಂದ ತಳ್ಳುವ ನಾಲ್ಕು ತೊಟ್ಟಿಲಿನ ಒಂದು ಮರದ ಚಕ್ರ. ಆಮೇಲೆ ದನಗಳ ಸಾಲು, ಯಂತ್ರಗಳ ಸಾಲು, ದೂರದೂರದ ಜನ... ಮೇಳ ಬೆಳೆದಂತೆಲ್ಲ ಚಕ್ರವೂ ಬೆಳೆಯಿತು. ಎಂಟು ತೊಟ್ಟಿಲು, ಹದಿನಾರು, ಇಪ್ಪತ್ತನಾಲ್ಕು.

ಈ ವರ್ಷ ನಲವತ್ತು. ಅದನ್ನು ಬರೆಯುವಾಗ ಅವಳು ಮತ್ತೊಮ್ಮೆ ತಲೆಯೆತ್ತಿ ನೋಡಿದಳು.

ಆ ನಲವತ್ತನ್ನೂ ಬಿಗಿದವನು ಅವಳ ಫಿಟ್ಟರ್. 'ಅವಳ' ಎಂದು ಅವಳ ಮನಸ್ಸು ಮಾತ್ರ ಹೇಳುತ್ತಿತ್ತು!

ಮೊದಲಿನಿಂದಲೂ ಒಂದು ಕಟ್ಟಳೆ. ಚಕ್ರ ಜೋಡಿಸಿದವನ ಮನೆಯವರು ಮೊದಲ ಸುತ್ತು ಕೂರಬೇಕು, ಆಮೇಲೆ ಜನ. ಇಷ್ಟು ವರ್ಷ ಅವನ ಸೋದರತ್ತೆ ಕಣ್ಣು ಮುಚ್ಚಿ, ಅಳಿಯನನ್ನು ಬೈಯುತ್ತಲೇ ಕೂರುತ್ತಿದ್ದರು. ಈಗ ಅವರಿಲ್ಲ. ನನ್ನನ್ನು ಕರೆಯುತ್ತಾನೆ ಎಂದು ಹುಡುಗಿ ವಾರದಿಂದ ಕಾದಿದ್ದಳು. ಅವನೋ, ತನಗೆ ಮನೆಯವರೆಂದು ಯಾರೂ ಇಲ್ಲ, ಒಬ್ಬನೇ ಕೂರುತ್ತೇನೆ ಎಂದು ಮ್ಯಾನೇಜರಿಗೆ ಹೇಳಿಬಿಟ್ಟಿದ್ದ.

ಯಾರೂ ಇಲ್ಲವಂತೆ...

ಹನ್ನೊಂದು ಗಂಟೆಗೆ ಬೇಲಿಯಾಚೆ ಜನ ನೆರೆದರು, ಹೆಗಲ ಮೇಲೆ ಕೂಸುಗಳನ್ನು ಹೊತ್ತು. ಹುಡುಗಿ ನೇರ ಹೋಗಿ ಕೆಳಗಿನ ತೊಟ್ಟಿಲಲ್ಲಿ ಕುಳಿತಳು. ತುಟಿ ಬಿಡದೆ ದೇವರ ಹೆಸರು ಜಪಿಸುತ್ತಿತ್ತು.

ಫಿಟ್ಟರನ ಮುಖ ಬಿಳಿಚಿಕೊಂಡಿತು. "ಇಳೀರಿ."

"ಯಾಕೆ? ನಾನು ಯಾರೂ ಅಲ್ಲವಲ್ಲ. ನನಗೇನಾದ್ರೆ ನಿಮಗೇನು?"

ಅವನು ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ. "ಮೂರು ಸಲ ಬಿಚ್ಚಿ ನೋಡಿದೆ. ತಪ್ಪು ಸಿಗ್ತಿಲ್ಲ. ಆದ್ರೂ ತಿರುಗುವಾಗ ನಡುವಿನ ಬೇರಿಂಗ್ ಒಂಥರಾ ನರಳುತ್ತೆ... ನನಗೆ ಭಯ. ಅದಕ್ಕೇ ನಿಮ್ಮನ್ನ ಕರೀಲಿಲ್ಲ."

ಅವಳ ಮುನಿಸು ಕರಗಿತು. ಅದು ಬಿಟ್ಟ ಜಾಗದಲ್ಲಿ ಅದಕ್ಕಿಂತ ದೊಡ್ಡ ಭಯ ಬಂದು ಕುಳಿತಿತು. ಬೇಲಿಯತ್ತ ನೋಡಿದಳು.

"ನನ್ನನ್ನ ಕೂರಿಸೋಕೆ ಭಯ. ಆ ಕೂಸುಗಳನ್ನ ಕೂರಿಸ್ತೀರಾ?"

ಅವನೂ ಬೇಲಿಯತ್ತ ತಿರುಗಿ ನೋಡಿದ. ಸರಳು ಹಿಡಿದಿದ್ದ ಅವಳ ಕೈಯ ಮೇಲೆ ಗ್ರೀಸ್ ಮೆತ್ತಿದ ಅವನ ಕೈ ಬಂತು.

ಅಷ್ಟರಲ್ಲಿ ಮ್ಯಾನೇಜರು, ಇನ್ನೂ ಯಾಕೆ ಶುರುವಾಗಿಲ್ಲ ಎನ್ನುತ್ತ, ಬೆವರೊರೆಸಿಕೊಳ್ಳುತ್ತ ಬಂದರು. ಎಪ್ಪತ್ತು ವರ್ಷದಲ್ಲಿ ಚಕ್ರ ಒಂದು ದಿನವೂ ನಿಂತಿಲ್ಲ, ನಿಂತರೆ ನಾಳೆಯಿಂದ ನೀನು ಬೇರೆ ಕೆಲಸ ನೋಡಿಕೊಳ್ಳಬೇಕು ಎಂದರು.

"ಇವಳು ನಿನಗೆ ಯಾರಯ್ಯಾ?"

"ನಮ್ಮನೆಯವಳು."

ಹುಡುಗಿ ಬಣ್ಣದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಮುಚ್ಚಲಾಗಲಿಲ್ಲ, ಅವು ತುಂಬಿ ಹರಿದವು.

"ಇನ್ನೇನು, ಕೂತೇ ಇದ್ದಾಳಲ್ಲ. ಒಂದೇ ಒಂದು ಸುತ್ತು ತಿರುಗಿಸಪ್ಪಾ, ಜನ ನೋಡ್ಲಿ," ಎಂದರು ಮ್ಯಾನೇಜರು.

ಫಿಟ್ಟರ್ ಅವಳ ಕೈ ಹಿಡಿದು ತೊಟ್ಟಿಲಿಂದ ಇಳಿಸಿದ. ಇಳಿದ ಮೇಲೂ ಬಿಡಲಿಲ್ಲ.

"ತಿರುಗಿಸಲ್ಲ."